ಒಂಬತ್ತು ದಿನ ಇಟ್ಟುಕೊಂಡ ಕಾಗದ

ಅಕ್ಕನ ನೋವು ಕಡಿಮೆಯಾಗಲು ಬೇಕಿದ್ದ ಒಂದು ಸಹಿಯನ್ನು ನಾನು ಒಂಬತ್ತು ದಿನ ಹಾಕಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಓದಲು ಬಾರದೆ ಆದ ತಪ್ಪಲ್ಲ ಇದು.

ವೇಮಗಲ್‌ನ ಫ್ಯಾಕ್ಟರಿಯಲ್ಲಿದ್ದಾಗ ಅಕ್ಕ ಇನ್ಶೂರೆನ್ಸ್ ಮಾಡಿಸಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ, ತನ್ನವರು ಅಂತ ಇದ್ದವನು ತಮ್ಮ ನಾನೊಬ್ಬನೇ. ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆ, ಕೋಲಾರದ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡುವ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಒಂದು ಕಾಗದ ಕೊಟ್ಟರು.

“ಈ ಟ್ರೀಟ್‌ಮೆಂಟು ವಾಸಿ ಮಾಡೋಕಲ್ಲ ಅಣ್ಣ, ನೋವಿಲ್ದಂಗೆ ನೋಡ್ಕೊಳ್ಳೋಕೆ. ಅದಕ್ಕಂತ ಇಲ್ಲೇ ವಾರ್ಡಿದೆ. ಪಾಲಿಸೀಲಿ ಅದಕ್ಕೂ ಒಪ್ಪಿದಾರೆ. ಅಕ್ಕ ಸೈನ್ ಹಾಕಿದಾರೆ, ನೀವೂ ಹಾಕಿದ್ರೆ ಇವತ್ತೇ ಬೆಡ್ಡು.”

ವಾಸಿ ಮಾಡೋಕಲ್ಲ ಅನ್ನುವುದಷ್ಟೇ ನನಗೆ ಕೇಳಿಸಿತು. ನಾಳೆ ತರುತ್ತೇನೆಂದು ಕಾಗದ ಮಡಚಿ ಜೇಬಿಗಿಟ್ಟೆ. ಇನ್ಶೂರೆನ್ಸ್‌ನವರು ಇನ್ನೂ ಒಪ್ಪಿಲ್ಲ ಎಂದು ಅಕ್ಕನಿಗೆ ಹೇಳಿ, ಶ್ರೀನಿವಾಸಪುರದ ಕಡೆಯ ನಮ್ಮೂರಿಗೆ ಕರೆತಂದೆ.

ಹುಳುಮನೆಯ ಪಕ್ಕದಲ್ಲೇ ಅವಳ ಮಂಚ. ರೇಷ್ಮೆಹುಳ ಪೊರೆ ಬಿಡುವ ಹೊತ್ತು ಅದು. ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಏನನ್ನೋ ಕೇಳಿಸಿಕೊಳ್ಳುವ ಹಾಗೆ ನಿಂತುಬಿಡುತ್ತವೆ. ಆಗ ಅಲುಗಿಸಬಾರದು. ಒಂದು ದಿನ ಬಿಟ್ಟರೆ ತಾವೇ ಹೊಸ ಚರ್ಮದಲ್ಲಿ ಏಳುತ್ತವೆ. ಕಿಟಕಿಯ ಹಸಿರು ಬಲೆಯಿಂದ ಬರುವ ಬೆಳಕಿನಲ್ಲಿ ಅಕ್ಕನ ಮುಖ ನೀರೊಳಗಿದ್ದಂತೆ ಕಾಣುತ್ತಿತ್ತು. ಇವಳನ್ನೂ ಹೀಗೇ ಬಿಟ್ಟರೆ ಎದ್ದು ಕೂತು ಕಾಫಿ ಕೇಳುತ್ತಾಳೆ ಅನ್ನಿಸುತ್ತಿತ್ತು. ಹಗಲುಗಳು ಒಂದರೊಳಗೊಂದು ಕರಗಿ ಹೋದವು.

“ಏನ್ಲಾ, ಇನ್ನೂ ಫೋನ್ ಬರ್ಲಿಲ್ವಾ?”

“ಬರುತ್ತೆ ಅಕ್ಕ.”

“ನಾನು ಸತ್ಮೇಲೆ ಮಾಡ್ತಾರೇನೋ. ಆವಾಗ ಆ ಬೆಡ್ಡಲ್ಲಿ ನೀನೇ ಹೋಗಿ ಮಲಕ್ಕೋ.”

ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಒಂಬತ್ತನೇ ದಿನ ಅವಳ ತಲೆ ಬಾಚಲು ಕೂತಾಗ ಸೆರಗು ಕಣ್ಣಿಗೆ ಬಿತ್ತು. ಕಚ್ಚಿ ಕಚ್ಚಿ ಅದರ ಅಂಚು ಎಳೆಎಳೆಯಾಗಿತ್ತು. ನರಳುವುದು ನನಗೆ ಕೇಳಿಸದಿರಲೆಂದು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅಲ್ಲೇ, ಜೇಬಿನ ಕಾಗದ ತೆಗೆದು ಅವಳ ಮಂಚದ ಮೇಲೇ ಇಟ್ಟು ಸಹಿ ಹಾಕಿದೆ. ಇನ್ಶೂರೆನ್ಸ್‌ನವರು ಒಪ್ಪಿದರು ಅಂತಷ್ಟೇ ಅವಳಿಗೆ ಹೇಳಿದೆ.

ವಾರ್ಡಿಗೆ ಸೇರಿಸಿ ಔಷಧಿ ಶುರುವಾದ ಮಾರನೆಯ ಮಧ್ಯಾಹ್ನ ಅಕ್ಕ ಮಗ್ಗುಲಾಗಿ ಮಲಗಿ ನಿದ್ದೆ ಹೋದಳು. ಎಷ್ಟು ದಿನಗಳ ಮೇಲೋ. ಸಂಜೆ ಕಣ್ಣು ಬಿಟ್ಟು, “ಪಾಪ, ತಡವಾದ್ರೂ ಒಪ್ಕೊಂಡ್ರಲ್ಲ ಕಣೋ ಇನ್ಶೂರೆನ್ಸ್‌ನೋರು” ಅಂದಳು.

ಹೂಂ ಅಂದು ಸುಮ್ಮನಿರಬಹುದಿತ್ತು.

“ಅವರು ತಡ ಮಾಡ್ಲಿಲ್ಲ ಅಕ್ಕ. ಮೊದಲ್ನೇ ದಿನಾನೇ ಒಪ್ಪಿದ್ರು. ಕಾಗದ ನಾನೇ ಇಟ್ಕೊಂಡಿದ್ದೆ. ಸೈನ್ ಹಾಕಿದ್ರೆ ನಿನ್ನ ನಾನೇ ಕಳಿಸ್ಕೊಟ್ಟಂಗೆ ಅಂತ ಹೆದರ್ಕೊಂಡೆ. ಹೆದರಿಕೆ ನಂದು, ನೋವು ನಿಂದಾಯ್ತು. ತಪ್ಪಾಯ್ತು ಅಕ್ಕ, ಕ್ಷಮಿಸ್ಬಿಡು.”