ಅಪ್ಪ ಹಾಕಿದ ಆಣೆ

ನನ್ನ ಅವ್ವನಿಗೆ ಈಜು ಬರುತ್ತಿತ್ತು. ಇದರಲ್ಲೇನು ದೊಡ್ಡಸ್ತಿಕೆ ಅನ್ನಬೇಡಿ. ಆ ಕಾಲದ ಮೂಡಲಗಿಯಲ್ಲಿ ಸೊಸೆಯಾದವಳು ಬಾವಿಗೆ ಹಾರಿದಳೆಂದರೆ ಜನ ಹೆಣ ಎತ್ತಲು ಹಗ್ಗ ಹುಡುಕುತ್ತಿದ್ದರು. ಅವ್ವ ಹಾರಿದರೆ ನಗುತ್ತ ಮೇಲೆ ಬರುತ್ತಿದ್ದಳು. ಅವಳ ತವರು ಧುಪದಾಳ. ಅಲ್ಲಿಯ ಹೊಳೆಯ ಒಡ್ಡಿನ ನೀರಿನಲ್ಲಿ ಅಣ್ಣತಮ್ಮಂದಿರ ಸಂಗಡ ಈಜಿ ಬೆಳೆದವಳು.

ನಮ್ಮ ಮನೆಯ ಹಿಂದೆ ಮೆಟ್ಟಿಲಿದ್ದ ಒಂದು ತೋಟದ ಬಾವಿ. ಓಣಿಯ ಹೆಂಗಸರು ಕೈಜಾರಿ ಕೊಡ ಬಿಟ್ಟರೆ ಮೊದಲು ಓಡಿ ಬರುತ್ತಿದ್ದುದು ಅವ್ವನ ಹತ್ತಿರ. ಅವಳು ಸೀರೆಯ ಕಚ್ಚೆ ಬಿಗಿದು ಮುಳುಗಿ ಕೊಡ ಎತ್ತಿಕೊಂಡು ಬರುವಳು. ಕೊಟ್ಟು ಸುಮ್ಮನಿರುವವಳೂ ಅಲ್ಲ. ಮುಂದಿನ ಸಲ ಕೊಡದ ಜೊತೆ ನಿನ್ನನ್ನೂ ಕಟ್ಟಿ ಇಳಿಬಿಡುತ್ತೇನೆ ಎಂದು ಅವರ ಕಾಲೆಳೆಯುವಳು. ನನಗೂ ಈಜು ಕಲಿಸಲೆಂದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಎರಡು ದಿನ ನೀರಿಗಿಳಿಸಿದ್ದಳು. ಮೂರನೆಯ ದಿನ ಅದು ನಿಂತುಹೋಯಿತು.

ಅಪ್ಪ ಸಾಲಿ ಮಾಸ್ತರ. ಯಾವುದೋ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತು, ಮಾಸ್ತರನ ಹೆಂಡತಿಯ ಒದ್ದೆ ಸೀರೆಯ ಮಾತು ತೆಗೆದು ನಕ್ಕರಂತೆ. ನಕ್ಕವರನ್ನು ಕೇಳುವ ಧೈರ್ಯ ಅಪ್ಪನಿಗಿರಲಿಲ್ಲ. ಮನೆಗೆ ಬಂದವನೇ ಅಂಗಳದಲ್ಲಿ ಆಡುತ್ತಿದ್ದ ನನ್ನನ್ನು ಎಳೆದು ಅವ್ವನ ಎದುರು ನಿಲ್ಲಿಸಿ, ನನ್ನ ತಲೆಯ ಮೇಲೆ ಕೈಯಿಟ್ಟ.

"ಇನ್ನ ಬಾವ್ಯಾಗ ಇಳದ್ರ ಈ ಕೂಸಿನ ಮ್ಯಾಲ ಆಣಿ."

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು, ನನಗೆ ಏಳು ವರ್ಷ. ಆಣೆ ಮುರಿದರೆ ಆ ತಲೆ ಉಳಿಯುವುದಿಲ್ಲವೆಂದು ಅಷ್ಟರಲ್ಲೇ ನನಗೂ ಗೊತ್ತಿತ್ತು. ಅಂಥ ಬಾಯಿಯ ಹೆಂಗಸು, ಅವ್ವ, ನನ್ನನ್ನು ತನ್ನ ಹತ್ತಿರ ಎಳೆದುಕೊಂಡಳು. ಮೂರು ವರ್ಷ ಅವಳು ಆ ಬಾವಿಯ ಮೆಟ್ಟಿಲು ತುಳಿಯಲಿಲ್ಲ. ಯಾರದಾದರೂ ಕೊಡ ಬಿದ್ದರೆ ದಂಡೆಯ ಮೇಲೆ ನಿಂತು, ಕೊಡ ಎತ್ತುವ ಕೊಕ್ಕೆ, ಪಾತಾಳಗರಡಿ, ಎಲ್ಲಿ ಇಳಿಬಿಡಬೇಕೆಂದು ಬೆರಳು ತೋರಿಸುವಳು, ಅಷ್ಟೇ.

ಸುಗ್ಗಿಯ ಕಾಲ, ಒಂದು ಮಧ್ಯಾಹ್ನ. ಗಂಡಸರೆಲ್ಲ ಹೊಲದಲ್ಲಿ. ನಾನೂ ಅವ್ವನೂ ಬಾವಿಯ ಮಗ್ಗುಲಲ್ಲಿ ಜೋಳ ಒಣಹಾಕುತ್ತಿದ್ದೆವು. ಬಾಜೂ ಮನೆಯ ಸೊಸೆ, ಹದಿನಾರರ ಹುಡುಗಿ, ಅತ್ತೆಯ ಕೈಯಲ್ಲಿ ಹೊಡೆತ ತಿಂದು ಅಳುತ್ತ ಬಂದಳು. ಏನು ಎತ್ತ ಎಂದು ಕೇಳುವಷ್ಟರಲ್ಲಿ ಬಾವಿಗೆ ಹಾರಿಬಿಟ್ಟಳು. ಅವ್ವ ಓಡಿದಳು. ನಾನು ಎರಡೂ ಕೈಯಿಂದ ಅವಳ ಸೆರಗು ಹಿಡಿದೆ.

"ಅವ್ವಾ, ನನ್ನ ಮ್ಯಾಲ ಆಣಿ ಐತಿ."

ಅವಳು ತಿರುಗಿ ನೋಡಿದಳು. ಖರೆ ಹೇಳುತ್ತೇನೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ನನ್ನ ಬೆರಳು ಬಿಡಿಸಿ ಹಾರಿದಳು.

ಹುಡುಗಿಯ ಕೂದಲು ಹಿಡಿದು ಮೆಟ್ಟಿಲಿಗೆ ಎಳೆದು ತಂದು, ಬೋರಲು ಹಾಕಿ ನೀರು ಕಕ್ಕಿಸಿದಳು. ಒದ್ದೆ ಸೀರೆಯಲ್ಲೇ ಹೋಗಿ ಆ ಅತ್ತೆಗೆ ಓಣಿಯೆಲ್ಲ ಕೇಳುವಂತೆ ಬೈದು ಬಂದಳು. ಕೆಲಸಕ್ಕೆಂದು ಗೋಕಾಕಕ್ಕೆ ಹೋಗಿದ್ದ ಅಪ್ಪ ಸಂಜೆ ಬಂದು ಸುದ್ದಿ ಕೇಳಿದವನೇ ನನ್ನ ಹಣೆ ಮುಟ್ಟಿ ನೋಡಿದ.

ಹದಿನೈದು ದಿನ ಕಳೆಯುವುದರೊಳಗೆ ನನಗೆ ಟೈಫಾಯಿಡ್ ಹತ್ತಿತು. ಚಕ್ಕಡಿಯಲ್ಲಿ ಮಲಗಿಸಿ ಘಟಪ್ರಭಾದ ದವಾಖಾನೆಗೆ ಒಯ್ದರು. ಮಂದಿಯ ಮಗಳನ್ನು ಉಳಿಸಲು ತನ್ನ ಮಗಳನ್ನು ಕೊಟ್ಟಳೆಂದು ಅಪ್ಪನ ತಾಯಿ ಹಾದಿಯುದ್ದಕ್ಕೂ ಅಂದರಂತೆ. ಅಪ್ಪ ಅವ್ವನೊಡನೆ ಮಾತು ಬಿಟ್ಟ. ಅವ್ವ ಯಾರಿಗೂ ಎದುರಾಡದೆ ಇಪ್ಪತ್ತು ದಿನ ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಒಂದು ತುತ್ತು ಹೊಟ್ಟೆಗೆ ಹಾಕಿಕೊಳ್ಳಬೇಕಾದರೂ ನರ್ಸಬಾಯಿ ಗದರಿಸಬೇಕಾಗುತ್ತಿತ್ತು.

ನಾನು ಬದುಕಿದೆ. ತಲೆಗೂದಲೆಲ್ಲ ಉದುರಿತು. ಬೋಳು ತಲೆ ಸವರಿಕೊಂಡಾಗಲೆಲ್ಲ ಅವ್ವನ ಮೇಲೆ ಸಿಟ್ಟು ಉಕ್ಕುತ್ತಿತ್ತು. ನಾನು ಸತ್ತರೂ ಅಡ್ಡಿಯಿಲ್ಲ ಎಂದು ಹಾರಿದವಳಲ್ಲವೇ ಇವಳು! ಕೂದಲು ಮತ್ತೆ ಬಂತು, ಸಿಟ್ಟು ಹೋಗಲಿಲ್ಲ. ಹನ್ನೆರಡು ವರ್ಷ ಅವಳೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ನನ್ನ ಲಗ್ನದಲ್ಲಿ ಅವಳು ತಬ್ಬಿಕೊಂಡು ಅತ್ತಾಗಲೂ ಕೊರಡಿನಂತೆ ನಿಂತಿದ್ದೆ. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಅಪ್ಪನಿಗೆ ಹುಕ್ಕೇರಿಗೆ ವರ್ಗವಾದ ಮೇಲೆ ಅವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ. ವಯಸ್ಸು ಬರೀ ನಲವತ್ತೆರಡು. ಗಂಡನ ಮನೆಯಿಂದ ಬಸ್ಸು ಹಿಡಿದು ಬಂದ ನಾನು ಒಂದು ಮುಂಜಾನೆ ಗಂಜಿ ಕುಡಿಸುತ್ತ, ತಡೆಯಲಾರದೆ ಕೇಳಿಬಿಟ್ಟೆ: ಅಂದು ಬಾವಿಯ ಹತ್ತಿರ ನಾನು ಅಂದದ್ದು ನಿನಗೆ ಕೇಳಿಸಲಿಲ್ಲವೇ ಎಂದು. ಇಲ್ಲ ಅಂದಿದ್ದರೆ ಸಾಕಿತ್ತು, ನಾನು ನಂಬುತ್ತಿದ್ದೆ.

"ಕೇಳಿತ್ತು," ಅಂದಳು. "ನೀರಾಗ ಇದ್ದಾಗೂ ನೀನ ಕಣ್ಣ ಮುಂದ ಇದ್ದಿ. ಆದ್ರ ಆಕಿ ಮುಳಗಾಕತ್ತಿದ್ಲು. ನೀ ದಂಡಿ ಮ್ಯಾಲ ನಿಂತಿದ್ದಿ."

ಬಟ್ಟಲು ಕೆಳಗಿಟ್ಟು ಹೊರಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದ. ಅವನನ್ನು ನೋಡಿದೊಡನೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಸಿಟ್ಟು ಮಾಡಿಕೊಂಡಿದ್ದು ಯಾರ ಮೇಲೆ?

"ನನ್ನ ತಲಿ ಮ್ಯಾಲ ಕೈ ಇಟ್ಟಾಂವ ನೀ. ಆಕಿ ಅಲ್ಲ."

ಅಪ್ಪ ಪೇಪರು ಮಡಚಿದ. ಬಾಯಿಗೆ ಬಂದದ್ದೆಲ್ಲ ಅಂದೆ. ಸಿಟ್ಟು ಇಳಿದ ಮೇಲೆ ಒಳಗೆ ಹೋದೆ, ನಿನ್ನ ಮೇಲೆ ನನಗೇನೂ ಇಲ್ಲವ್ವ ಎಂದು ಹೇಳಬೇಕೆಂದು. ಅವಳಿಗೆ ನಿದ್ದೆ ಹತ್ತಿತ್ತು. ಎದ್ದ ಮೇಲೆ ಹೇಳಿದರಾಯಿತು ಅಂದುಕೊಂಡು ಹೊದಿಕೆ ಸರಿಮಾಡಿದೆ. ಅವ್ವ ಮತ್ತೆ ಏಳಲಿಲ್ಲ. ಅಪ್ಪನಿಗೆ ಬೈದ ಹೊತ್ತಿನಲ್ಲಿ ಅವಳಿಗೆ ಆ ಒಂದು ಮಾತು ಹೇಳಬಹುದಿತ್ತು.