ನರ್ಸಮ್ಮನ ಒಂಬತ್ತು ಚುಕ್ಕಿಯ ಬೀಗ

ಕುರುಗೋಡಿನ ನರ್ಸಮ್ಮ ಗುರುಬಸಮ್ಮನಿಗೆ ಬೀಗವೆಂದರೆ ಪ್ರಾಣ. ಲಸಿಕೆಯ ಫ್ರಿಜ್ಜಿಗೆ ಬೀಗ, ಔಷಧದ ಕಪಾಟಿಗೆ ಬೀಗ, ಮನೆಯಲ್ಲಿ ಉಪ್ಪಿನಕಾಯಿ ಇಟ್ಟ ಗೂಡಿಗೂ ಒಂದು ಪುಟ್ಟ ಬೀಗ. ಗಂಡ ಕೊಟ್ಟೂರಪ್ಪ ಒಂದು ಹೋಳು ಬೇಕಾದರೂ ಕಚೇರಿಯಲ್ಲಿ ಕಾಯುವಂತೆ ಕಾಯಬೇಕು.

ಹೀಗಿರುವಾಗ ಕೆಲಸಕ್ಕೆಂದು ಸರ್ಕಾರಿ ಫೋನು ಕೈಗೆ ಬಂತು. ಹಳೆಯ ಖಣದ ಕುಪ್ಪಸ ಕತ್ತರಿಸಿ ಅದಕ್ಕೊಂದು ಚೀಲ ಹೊಲಿಸಿ, ಬಾಯಿಗೆ ಲಾಡಿ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಳ್ಳಾರಿಯ ತರಬೇತಿಯಲ್ಲಿ, ಫೋನಿಗೆ ಯಾರೂ ಊಹಿಸಲಾಗದ ಗುರುತು ಇಡಿ ಎಂದಿದ್ದರು. ಪರದೆಯ ಮೇಲೆ ಒಂಬತ್ತು ಚುಕ್ಕಿ ಮೂಡಿದ್ದೇ ತಡ, ಅವಳ ಬೆರಳು ತಾನಾಗಿಯೇ ಓಡಿತು. ವರ್ಷಗಟ್ಟಲೆ ದಿನಾ ಬಾಗಿಲ ಮುಂದೆ ಹಾಕುತ್ತಿದ್ದ ರಂಗೋಲಿ ಅದು. ಬಸವನಹುಳುವಿನಂತೆ ಸುತ್ತಿ ನಡುವಿನ ಚುಕ್ಕಿಯಲ್ಲಿ ನಿಲ್ಲುವಂಥದ್ದು. ತಾನು ಮರೆಯಲಾರದ್ದನ್ನು ಓಣಿಯವರೂ ಮರೆತಿರಲಾರರು ಎಂಬುದು ಅವಳಿಗೆ ಹೊಳೆಯಲಿಲ್ಲ.

ಆಸ್ಪತ್ರೆಯ ಆಯಾ ಮಂಜಮ್ಮ ಒಂದು ದಿನ ನೋಡಿ ನಕ್ಕಳು. "ಏನ್ರಿ ನರ್ಸಮ್ಮ, ಫೋನಿನ ಮ್ಯಾಲೂ ರಂಗೋಲಿ ಹಾಕ್ತೀರೇನ್ರಿ? ಕೆಮ್ಮಣ್ಣು ಒಂದು ಬಳದಿಲ್ಲ ನೋಡ್ರಿ!"

ಗುರುಬಸಮ್ಮ ಎಚ್ಚೆತ್ತಳು. ಮರುದಿನ ಅವಳ ಬಾಗಿಲ ಮುಂದೆ ಹಳೆಯದರ ಬದಲು ಕಮಲದ ರಂಗೋಲಿ ಅರಳಿತ್ತು. ಫೋನಿನ ಬೀಗ ಇದ್ದಂತೆಯೇ ಇತ್ತು.

ಒಳಗಿದ್ದದ್ದು ಮಾತ್ರ ತಮಾಷೆಯ ವಸ್ತುವಲ್ಲ. ಹಿಂದಿನ ಓಣಿಯ ದರ್ಜಿ ಹುಡುಗಿ ಪರ್ವೀನ್ ಟಿ.ಬಿ. ಮಾತ್ರೆ ನುಂಗುತ್ತಿದ್ದಳು. ದಿನಾ ನುಂಗಿದ್ದಕ್ಕೆ ಸಾಕ್ಷಿಯಾಗಿ, ಮಾತ್ರೆ ನಾಲಗೆಯ ಮೇಲಿರುವಾಗ ತೆಗೆದ ಫೋಟೋಗಳೆಲ್ಲ ಆ ಫೋನಿನಲ್ಲಿದ್ದವು. ಕೆಮ್ಮು ಹೋಗಿತ್ತು, ಸಿರುಗುಪ್ಪದ ಮುಸ್ತಾಕನ ಜೊತೆ ಮದುವೆಯ ಮಾತು ನಡೆದಿತ್ತು. ಭಾನುವಾರ ಅವನು ಬಂದಾಗ ತಾನೇ ಹೇಳುವೆನೆಂದು ಪರ್ವೀನಳ ಹಟ.

"ಅಲ್ಲಿಮಟ ಯಾರ ಕಿವಿಗೂ ಬೀಳಬಾರ್ದ್ರಿ."

"ಬೀಗ ಹಾಕೀನಿ, ಸುಮ್ನಿರು," ಎಂದಿದ್ದಳು ಗುರುಬಸಮ್ಮ.

ಆ ಮುಸ್ತಾಕನ ಚಿಕ್ಕಮ್ಮ ಖಾತೂನ್ ಇರುವುದು ಗುರುಬಸಮ್ಮನ ಎದುರು ಮನೆಯಲ್ಲೇ. ಶುಕ್ರವಾರ ಆ ಮನೆಗೆ ಹೋಗಿ ಅವಳ ಮೊಮ್ಮಗುವಿಗೆ ಲಸಿಕೆ ಹಾಕಿ, ಫೋನಿನಲ್ಲಿ ಅದನ್ನು ದಾಖಲಿಸಿ, ಫೋನನ್ನು ಅಲ್ಲಿನ ಗೋಡೆಯ ಗೂಡಿನಲ್ಲಿಟ್ಟು ನರ್ಸಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದಳು. ಬಂದು ನೋಡಿದರೆ ಖಾತೂನ್ ಕನ್ನಡಕ ಏರಿಸಿಕೊಂಡು ಫೋನು ತೆರೆದು ಕೂತಿದ್ದಾಳೆ!

"ಹೆಂಗ ತೆಗದ್ರಿ ಅದನ್ನ?"

"ಅದೇನು ಮಹಾ ವಿದ್ಯಾ? ನಿಮ್ಮ ಹಳೇ ರಂಗೋಲಿ. ದಿನಾ ಮುಂಜಾನಿ ಚಾ ಕುಡಕೋತ ಅದನ್ನ ನೋಡೀನಿ. ಈಗಿನ ಕಮಲಕ್ಕಿಂತ ಅದ ಚಲೋ ಇತ್ತು ಬಿಡ್ರಿ. ಸಿರುಗುಪ್ಪದಾಗ ನಮ್ಮಕ್ಕ, ಮುಸ್ತಾಕನ ಅವ್ವ, ಪರ್ವೀನಂದು ಫೋಟೋ ಕಳಸು ಅಂತ ಜೀವಾ ತಿನ್ನಾಕತ್ಯಾಳ. ನಿಮ್ಮ ಫೋನಿನಾಗ ಊರ ಮಂದಿನ ಐತಲ್ರಿ! ಬರೇ ಕೂಸುಗಳ ತೋಳು ಬರಾಕತ್ತಾವ. ಹುಡುಗಿನ್ನ ಎಲ್ಲಿ ಮುಚ್ಚಿಟ್ಟೀರಿ?"

ಗುರುಬಸಮ್ಮ ಒದ್ದೆ ಕೈಯಲ್ಲೇ ಫೋನು ಕಸಿದುಕೊಂಡಳು. "ಅಕಿ ಫೋಟೋ ಬೇಕಂದ್ರ ಅಕಿನ್ನ ಕೇಳ್ರಿ."

"ಯಪ್ಪಾ, ಉಪ್ಪಿನಕಾಯಿ ಕೇಳಿದಂಗ ಆತು!" ಎಂದಳು ಖಾತೂನ್.

ಬೀದಿಗೆ ಬಂದು ಫೋನು ನೋಡಿಕೊಂಡಳು: ಇನ್ನೆರಡು ಸಲ ಬೆರಳು ಸರಿಸಿದ್ದರೆ ಪರ್ವೀನ್ ನಾಲಗೆ ಚಾಚಿ ಎದುರಾಗುತ್ತಿದ್ದಳು. ಮುದುಕಿ ಆ ಫೋಟೋದವರೆಗೆ ಹೋಗಿ ಹಿಂದೆ ಬಂದಿದ್ದಳೋ ಏನೋ, ಹೇಳುವಂತಿಲ್ಲ. ಗುರುಬಸಮ್ಮ ಸೀದಾ ಪರ್ವೀನಳ ಮನೆಗೆ ನಡೆದು, ನಡೆದದ್ದನ್ನು ನಡೆದಂತೆ ಹೇಳಿದಳು.

ಹೊಲಿಗೆ ಯಂತ್ರ ನಿಂತಿತು. "ನೋಡ್ಯಾಳೇನ್ರಿ?"

"ನೋಡಿಲ್ಲ ಅನ್ನಸ್ತೈತಿ. ಖಾತ್ರಿ ಇಲ್ಲ. ಅದಕ್ಕ ಬಂದೆ."

"ನೀವು ಬೀಗ ಹಾಕಿದ್ರೋ, ತೋರಣ ಕಟ್ಟಿದ್ರೋ?"

ಪರ್ವೀನ್ ಸೂಜಿಯಡಿಯ ಬಟ್ಟೆ ಎಳೆದು ಬದಿಗಿಟ್ಟಳು. "ಭಾನುವಾರದ ಮಟ ಕಾಯಾಕ ಆಗಂಗಿಲ್ಲ. ಅವರಿವರ ಬಾಯಿಂದ ಹೋಗೂದಕ್ಕಿಂತ ನಾನ ಹೇಳ್ತೀನಿ." ಮುಸ್ತಾಕನ ನಂಬರು ಅವಳ ಫೋನಿನಲ್ಲಿತ್ತು, ಹೇಗೆ ಬಂತೆಂದು ನರ್ಸಮ್ಮ ಕೇಳಲಿಲ್ಲ.

ಕರೆ ಮಾಡಿದ ಪರ್ವೀನ್ ಅಳಲಿಲ್ಲ, ಸುತ್ತಿ ಬಳಸಲೂ ಇಲ್ಲ. "ನಂಗ ಟಿ.ಬಿ. ಇತ್ರಿ. ಈ ತಿಂಗಳಿಗೆ ಮಾತ್ರಿ ಮುಗೀತಾವ. ನರ್ಸಮ್ಮ ಇಲ್ಲೇ ಅದಾರ, ಕೇಳ್ರಿ." ಫೋನು ನರ್ಸಮ್ಮನ ಕೈಗೆ ಬಂತು. ಮುಸ್ತಾಕ್ ಕೇಳಿದ್ದು ಒಂದೇ ಪ್ರಶ್ನೆ, ಅದು ಅಂಟುತ್ತದೆಯೇ ಎಂದು. "ಹತ್ತಂಗಿಲ್ಲಪ್ಪಾ," ಎಂದಳು ಗುರುಬಸಮ್ಮ. ಅದಕ್ಕೆ ಅವನು, "ಭಾನುವಾರ ಬರ್ತೀವಂತ ಹೇಳ್ರಿ. ಫೋಟೋ ಬ್ಯಾಡ ಅಂತ ಅವ್ವಗ ನಾನ ಹೇಳ್ತೀನಿ."

ಫೋನಿಟ್ಟ ಮೇಲೆ ಪರ್ವೀನ್ ನರ್ಸಮ್ಮನ ಕಡೆ ತಿರುಗಿದಳು. "ಈಗ ಬೀಗ ಬದಲಿ ಮಾಡ್ರಿ. ಚುಕ್ಕಿ ಬ್ಯಾಡ, ನಂಬರ ಇಡ್ರಿ. ನಾ ಗ್ವಾಡಿ ಕಡೆ ಮುಖ ಮಾಡ್ತೀನಿ."

ಗುರುಬಸಮ್ಮ ಯೋಚಿಸಿ ಯೋಚಿಸಿ ಒತ್ತತೊಡಗಿದಳು. "ನಾಕು... ಒಂದು... ಎಂಟು..."

"ನರ್ಸಮ್ಮ, ಬಾಯಿ!"

ಮೈಮೇಲಿನ ಬಟ್ಟೆಗೆ ಹೊಲಿಗೆ ಹಾಕುವಾಗ ಉಟ್ಟವರ ಹಲ್ಲಿಗೆ ದಾರ ಕಚ್ಚಿಸುತ್ತಾರಲ್ಲ, ಹಾಗೆ ಪರ್ವೀನ್ ಒಂದು ತುಂಡು ದಾರ ಕೊಟ್ಟಳು. "ಇದನ್ನ ಕಚ್ಚಿ ಹಿಡಕೊಂಡು ಮತ್ತ ಮೊದಲಿಂದ ಒತ್ರಿ. ಬ್ಯಾರೆ ನಂಬರ."

ಗುರುಬಸಮ್ಮ ತುಟಿ ಬಿಗಿದು ಒತ್ತಿದಳು.