ಅವಸರಪ್ಪನ ಬಿಗಿ ಕೋಟು

ಆ ಮೂವರು ಮುದುಕರ ವಿಷಯ ನಾನು ಮೊದಲು ಕೇಳಿದ್ದು ಒಂದು ಅಂಗಿಗೆ ಕಾಲರ್ ಕೂರಿಸುತ್ತಿದ್ದ ಬೆಳಿಗ್ಗೆ. ಕಾಲರ್ ಕೂರಿಸುವಾಗ ನನ್ನನ್ನು ಮಾತಾಡಿಸಬಾರದು ಅಂತ ಬೀದಿಗೆಲ್ಲ ಗೊತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಸೀದಾ ಅಂಗಡಿಯೊಳಗೆ ಬಂದಳು.

"ಅಜ್ಜಿ, ಮೂರು ಕೋಟು ಹೊಲಿದುಕೊಡ್ತೀರಾ? ಬಿಗಿಯಾಗಿರಬೇಕು. ಗುಂಡಿ ಹಾಕಿದ್ರೆ ಉಸಿರು ಕಟ್ಟೋ ಹಾಗಿರಬೇಕು."

ನನ್ನ ಕಾಲು ಮಿಷನ್ನಿನ ಪೆಡಲ್ ಮೇಲೇ ನಿಂತುಬಿಟ್ಟಿತು. ನಮ್ಮೆಜಮಾನರು ಬಟ್ಟೆ ಕತ್ತರಿಸುತ್ತಿದ್ದ ಕಾಲದಿಂದ ಹೊಲಿಯುತ್ತಿದ್ದೇನೆ. ಬಿಗಿಯಾಯಿತು ಅಂತ ಬೈದು ಹೋದವರನ್ನು ಕಂಡಿದ್ದೆನೇ ಹೊರತು ಬಿಗಿ ಮಾಡಿ ಅಂತ ಕೇಳಿ ಬಂದವರನ್ನು ಕಂಡಿರಲಿಲ್ಲ.

ಅವಳು ಸಿನಿಮಾ ಮಾಡುವವಳಂತೆ. ಮೂವರು ಮುದುಕರು, ಒಂದು ಕಾಲಕ್ಕೆ ಊರೂರು ಸುತ್ತಿ ಜನಪದ ಹಾಡು ಹೇಳುತ್ತಿದ್ದವರು, ಜಗಳವಾಡಿ ಬೇರೆಯಾದವರು. ಅವರನ್ನು ಮತ್ತೆ ಸೇರಿಸುತ್ತಾಳಂತೆ.

"ನೋಡೋಕೆ ನಿಜವಾದ ಸಾಕ್ಷ್ಯಚಿತ್ರದ ಥರಾನೇ ಇರುತ್ತೆ ಅಜ್ಜಿ. ಆದ್ರೆ ಪೂರ್ತಿ ತಮಾಷೆ. ಜನ ಬಿದ್ದು ಬಿದ್ದು ನಗಬೇಕು."

"ತಮಾಷೆ ಅಂತ ಅವರಿಗೆ ಗೊತ್ತಾ?"

"ಹೇಳಿದೀನಿ. ಅವರು ಅದನ್ನ ಕಿವಿಗೇ ಹಾಕ್ಕೊಂಡಿಲ್ಲ."

ಮಧ್ಯಾಹ್ನ ಅವರಲ್ಲೊಬ್ಬ ಅಳತೆ ಕೊಡಲು ಬಂದ. ವಯಸ್ಸಾದ ಮನುಷ್ಯ, 'ಬಂದರು' ಅಂತಲೇ ಬರೆಯಬೇಕು. ಆದರೆ ಬಂದವನೇ "ನೀವು ನನಗಿಂತ ದೊಡ್ಡೋರು ಕಾಣ್ತೀರಿ, ಬಹುವಚನ ಎಲ್ಲ ಬೇಡ ಅಕ್ಕ, ಹೊತ್ತು ಹಿಡಿಯುತ್ತೆ" ಎಂದು ಅವನೇ ಹೇಳಿದ್ದರಿಂದ ಹೀಗೇ ಬರೆಯುತ್ತೇನೆ. ಅವನು ಡೋಲು ಬಾರಿಸುವವನು. ಹೆಸರು ಕೇಳಿದರೆ, "ಅವಸರಪ್ಪ ಅಂದ್ರೆ ಸಾಕು, ಹಾಲಿನವನೂ ಹಾಗೇ ಕರೆಯೋದು" ಎಂದ.

ನನ್ನ ಟೇಪಿಗೆ ಸಿಗದ ಗಂಡಸು ಅವನೊಬ್ಬನೇ. ಎದೆಯಳತೆ ಹಿಡಿದರೆ ಬಾಗಿಲ ಕಡೆ ತಿರುಗುತ್ತಾನೆ. ತೋಳು ಹಿಡಿದರೆ ಬೆರಳುಗಳು ಟೇಪಿನ ಮೇಲೇ ತಾಳ ಹಾಕುತ್ತವೆ. ಬೆನ್ನಳತೆಗೆ ಬರುವಷ್ಟರಲ್ಲಿ ಅವನು ಗೋಡೆಯ ಹತ್ತಿರ ಹೋಗಿ ನೂಲಿನ ಉಂಡೆಗಳನ್ನು ಮುಟ್ಟಿ ನೋಡುತ್ತಿದ್ದ.

"ಸ್ವಲ್ಪ ನಿಂತ್ಕೊಳ್ಳಪ್ಪ. ಕಂಬಕ್ಕೆ ಕಟ್ಟಿ ಅಳತೆ ತಗೋಬೇಕಾ?"

"ಕಟ್ಟಿ ಅಕ್ಕ. ಕಂಬಾನೇ ಕಿತ್ಕೊಂಡು ಹೋಗ್ತೀನಿ."

ಅಂಗಾಲಿಗೆ ಬೆಂಕಿ ಬಿದ್ದವರ ಹಾಗೆ ಬದುಕಿದ ಮನುಷ್ಯ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದನಂತೆ. ಜನ ಹತ್ತುವ ಮೊದಲೇ ಸೀಟಿ ಊದುತ್ತಾನೆ ಅಂತ ಕೆಲಸ ಹೋಯಿತು. ಗೋಡೆಗೆ ಬಣ್ಣ ಬಳಿಯಲು ಹೋದ. ಕೆಳಗಿನದು ಒಣಗುವುದರೊಳಗೆ ಮೇಲಿನದನ್ನು ಬಳಿದು ಗೋಡೆಗೆಲ್ಲ ಗುಳ್ಳೆ ಬರಿಸಿದ. ಕಾವಲುಗಾರನಾದಾಗ ಕೂರಲು ಕೊಟ್ಟ ಕುರ್ಚಿ ಹೊಸದಾಗಿಯೇ ಉಳಿಯಿತಂತೆ. ಮದುವೆಯ ಮಾತು ತೆಗೆದರೆ, "ಹೆಣ್ಣು ನೋಡೋಕೆ ಹೋಗಿದ್ದೆ ಅಕ್ಕ. ಅವಳು ಒಳಗಿಂದ ಬರೋದು ತಡ ಆಯ್ತು, ಎದ್ದು ಬಂದೆ" ಅಂದುಬಿಟ್ಟ. ನಾನು ಬಾಯಲ್ಲಿದ್ದ ಗುಂಡುಪಿನ್ನು ನುಂಗುವುದೊಂದು ಬಾಕಿ.

ಕೋಟನ್ನು ಯಾಕೆ ಬಿಗಿ ಹೊಲಿಸುತ್ತಿದ್ದಾರೆ ಅಂತ ಅವನಿಗೆ ಹೇಳದೆ ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. ಹೇಳಿದೆ. ಅವನು ನಕ್ಕ.

"ನಗಲಿ ಬಿಡಿ ಅಕ್ಕ. ನಮ್ಮನ್ನ ನೋಡಿ ಅಳೋಕೆ ಯಾರು ಬರ್ತಾರೆ? ಆ ಹುಡುಗಿ ಕರೆದಿದ್ದಕ್ಕೆ ಭಾವ ಬರ್ತಿದಾರೆ. ನಾನು ಕರೆದಿದ್ರೆ ಬರ್ತಿದ್ರಾ?"

ಭಾವ ಅಂದರೆ ಅವನ ಅಕ್ಕನ ಗಂಡ, ಮೇಳದ ಹಾಡುಗಾರ. ಇವನು ಡೋಲು. ಇನ್ನೊಬ್ಬರು ತಂತಿ ಮೀಟುವವರು, ಈಗ ಕಿವಿ ಪೂರ್ತಿ ಮಂದ. ಅವರ ಮೇಳದಲ್ಲಿ ಒಂದು ಕಟ್ಟುಪಾಡಿತ್ತಂತೆ. ಶುರು ಮಾಡಿದ ಹಾಡನ್ನು ಕೊನೆಯ ನುಡಿ ಮುಟ್ಟಿಸದೆ ನಿಲ್ಲಿಸುವ ಹಾಗಿಲ್ಲ, ಚಪ್ಪರ ತಲೆಯ ಮೇಲೆ ಬಿದ್ದರೂ ಸರಿ. ಅವರ ದೊಡ್ಡ ಹಾಡು ಒಬ್ಬ ಹೆಂಗಸಿನದು. ಅವಳು ದೋಣಿಯಲ್ಲಿ ಹೊಳೆ ದಾಟಿ ತವರಿಗೆ ಹೊರಟಿದ್ದಾಳೆ. ಒಂದೊಂದು ನುಡಿಗೂ ಒಂದೊಂದು ಸುಳಿ, ಒಂದೊಂದು ಗಾಳಿ. ಕೊನೆಯ ನುಡಿಯಲ್ಲಿ ದೋಣಿ ದಡಕ್ಕೆ ತಾಗುತ್ತದೆ. ಒಂದು ಮದುವೆ ಮನೆಯಲ್ಲಿ ಇವನು ತನ್ನ ಚಾಳಿಯಂತೆ ತಾಳ ಏರಿಸುತ್ತಾ ಹೋದ. ಭಾವನಿಗೆ ಉಸಿರು ಸಾಲದೆ ಕೆಮ್ಮು ಬಂತು. ಜನ ನಕ್ಕರು. ಭಾವ ಡೋಲಿನ ಚರ್ಮದ ಮೇಲೆ ಅಂಗೈ ಇಟ್ಟು ತಾಳ ನಿಲ್ಲಿಸಿದರು.

"ಬಾರಿಸೋನ ಕೆನ್ನೆಗೆ ಬೇಕಾದ್ರೆ ಹೊಡೀರಿ ಅಕ್ಕ. ಬಾರಿಸ್ತಿರೋ ಚರ್ಮದ ಮೇಲೆ ಕೈ ಇಡಬಾರದು. ನಾನು ಎದ್ದು ಹೊರಟುಬಿಟ್ಟೆ. ಆ ಹೆಂಗಸು ಅವತ್ತಿಂದ ನಡುನೀರಲ್ಲೇ ಇದಾಳೆ."

ನಗುತ್ತಲೇ ಹೇಳಿದ. ಆದರೆ ಮೇಜಿನ ಮೇಲೆ ತಾಳ ಹಾಕುತ್ತಿದ್ದ ಬೆರಳು ನಿಂತಿತ್ತು. ಅದು ನಿಂತಿದ್ದನ್ನು ನಾನು ಕಂಡಿದ್ದು ಆಗಲೇ ಮೊದಲು. ಗಂಡನ ಮನೆಗೂ ತಮ್ಮನ ಮನೆಗೂ ನಡೆದು ನಡೆದು ಅವನಕ್ಕ ಸವೆದು ಹೋದಳಂತೆ. ಅವಳು ತೀರಿಕೊಂಡ ದಿನವೂ ಇವರಿಬ್ಬರು ಅವಳ ಎರಡು ಪಕ್ಕದಲ್ಲಿ ಗೂಟದ ಹಾಗೆ ನಿಂತಿದ್ದರಂತೆ, ಮಾತಿಲ್ಲ. ಈಗ ಭಾವನಿಗೆ ಶ್ವಾಸಕೋಶ ಕೆಟ್ಟಿದೆ.

"ಅವರ ಉಸಿರು ಮುಗಿಯೋದ್ರೊಳಗೆ ಅವಳನ್ನ ದಡ ಸೇರಿಸಬೇಕು. ನನಗೆ ಅಷ್ಟೇ ಬೇಕಾಗಿರೋದು. ಹೊಟ್ಟೆ ಹತ್ರ ಎಷ್ಟು ಬೇಕಾದ್ರೂ ಬಿಗಿ ಮಾಡಿ ಅಕ್ಕ, ಆ ಹುಡುಗಿಗೂ ನಗು ಸಿಗಲಿ. ನನಗೆ ತೋಳಲ್ಲಿ ಸಡಿಲ ಬಿಡಿ. ಭಾವನಿಗೆ ಎದೆಯಲ್ಲಿ."

ಹಾಗೇ ಮಾಡಿದೆ. ಮುಂದೆ ಗುಂಡಿಗಳನ್ನು ಒಳಕ್ಕೆ ಸರಿಸಿದೆ, ನೋಡಿದವರಿಗೆ ಕೋಟು ಈಗಲೋ ಆಗಲೋ ಬಿರಿಯುವಂತೆ ಕಾಣಬೇಕು. ಕಂಕುಳ ಕೆಳಗೆ ಯಾರಿಗೂ ಕಾಣದ ಹಾಗೆ ಅಗಲವಾದ ಮಡಿಕೆ ಇಟ್ಟು, ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ ಸೇರಿಸಿದೆ.

ಅಳತೆ ಮುಗಿದ ಮೇಲೂ ಅವನು ದಿನಾ ಬರತೊಡಗಿದ. ಬರುವುದಕ್ಕೊಂದು ನೆಪ, ಹೋಗುವುದಕ್ಕೊಂದು ನೆಪ. ಒಂದು ದಿನ ನಾನು ದಪ್ಪ ಪರದೆಯ ಅಂಚು ಹೊಲಿಯುತ್ತಿದ್ದೆ. ಅವನ ಬೆರಳು ಮೇಜಿನ ಮೇಲೆ ಓಡಿದರೆ ನನ್ನ ಕಾಲೂ ತಾನಾಗಿ ಓಡುತ್ತಿತ್ತು, ದಾರ ಕಿತ್ತುಬಂತು.

"ನಿನ್ನಿಂದ ನನ್ನ ಹೊಲಿಗೇನೂ ಹಾಳು. ಮಿಷನ್ನಿನ ಸದ್ದು ಕೇಳಿಸ್ಕೊಂಡು ಅದರ ಹಿಂದೆ ಬಾ. ಮುಂದೆ ಓಡಬೇಡ."

ತಮಾಷೆಗೆ ಹೇಳಿದ್ದನ್ನು ಅವನು ಹಿಡಿದುಕೊಂಡ. ಪರದೆಯ ಅಂಚು ಉದ್ದ, ದಪ್ಪ ಬಟ್ಟೆ, ನಿಧಾನವಾಗಿಯೇ ತುಳಿಯಬೇಕು. ಅವನು ಹಣೆಯಲ್ಲಿ ಬೆವರು ಬರಿಸಿಕೊಂಡು ನನ್ನ ತುಳಿತದ ಹಿಂದೆ ಬೆರಳು ಬಿಡುತ್ತಿದ್ದ. ನಾಲ್ಕು ಹೊಲಿಗೆ ಜೊತೆಗಿರುತ್ತಿದ್ದ, ಐದನೆಯದಕ್ಕೆ ಹಾರಿಹೋಗುತ್ತಿದ್ದ. "ಬಟ್ಟೆ ಹರೀತು" ಅಂತ ನಾನು ಗದರುತ್ತಿದ್ದೆ. ಮತ್ತೆ ಮೊದಲಿಂದ. ಎದುರಿನ ಚಪ್ಪಲಿ ರಿಪೇರಿಯವನು, "ಏನಜ್ಜಿ, ಹಾಡೂ ಹೊಲಿಯೋಕೆ ಶುರು ಮಾಡಿದ್ರಾ?" ಅಂತ ಕೂಗುತ್ತಿದ್ದ.

ಚಿತ್ರೀಕರಣ ಮುಚ್ಚಿಹೋದ ಕಾರ್ಖಾನೆಯೊಂದರ ಊಟದ ಹಾಲ್‌ನಲ್ಲಿ. ಗುಂಡಿ ಕಿತ್ತರೆ ಹೊಲಿಯಲು ಬೇಕು ಅಂತ ಹುಡುಗಿ ನನ್ನನ್ನೂ ಕರೆಸಿದ್ದಳು. ಭಾವ ತೆಳ್ಳಗೆ, ಬಿಳಿಚಿಕೊಂಡು ಬಂದರು. ಇಬ್ಬರೂ ಒಬ್ಬರ ಬೂಟು ಒಬ್ಬರು ನೋಡಿಕೊಂಡು ಕೂತರು.

"ಸರ್, ಈಗ ಸ್ವಲ್ಪ ಜಗಳ ಆಡಿ," ಎಂದಳು ಹುಡುಗಿ.

"ಜಗಳ ಆಡಬೇಕಾದ್ರೆ ಮಾತಾಡಬೇಕಲ್ಲಮ್ಮ," ಎಂದರು ಭಾವ. "ನಾವು ಮಾತಾಡಲ್ಲ."

ಕ್ಯಾಮೆರಾ ಹಿಡಿದವನು ನಗು ತಡೆಯಲಾರದೆ ಗೋಡೆಗೆ ತಿರುಗಿದ. ಅವರವರು ಹೇಳಬೇಕಾದ್ದನ್ನೆಲ್ಲ ತಂತಿಯವರಿಗೆ ಹೇಳಿದರು. ತಂತಿಯವರು ಒಂದಕ್ಷರವೂ ಕೇಳದೆ ಇಬ್ಬರಿಗೂ ತಲೆಯಾಡಿಸಿ ನ್ಯಾಯ ಮಾಡಿದರು.

ಹಾಡು ಶುರುವಾಯಿತು. ಒಂದು ನುಡಿ ಆಗುವಷ್ಟರಲ್ಲಿ ಹುಡುಗಿ "ಕಟ್" ಎಂದಳು. ಯಾರು ನಿಲ್ಲಿಸುತ್ತಾರೆ? ಅವಳು ಕೈ ಬೀಸಿದಳು, ಭಾವ ದನಿ ಏರಿಸಿದರು. ಅವಸರಪ್ಪನ ಕೋಟಿನ ಗುಂಡಿ ಕಿತ್ತು ಹಾರಿ ಕ್ಯಾಮೆರಾದ ಗಾಜಿಗೆ ಬಡಿಯಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವನ ಮಂಡಿ ಅವಸರಕ್ಕೆ ಕುಣಿಯಲು ಶುರುವಾಗಿದ್ದನ್ನು ನೋಡಿದ್ದೆ. ತಾಳ ಏರುತ್ತಿತ್ತು. ಭಾವನ ಕತ್ತಿನ ನರ ಉಬ್ಬಿತ್ತು. ಅವಸರಪ್ಪನ ಕಣ್ಣು ಹಾಲ್ ತುಂಬ ಹುಡುಕಿ ನನ್ನ ಕಡೆ ಬಂತು. ನಾನು ಕಾಲನ್ನು ನೆಲಕ್ಕೆ ಊರಿ ತುಳಿಯತೊಡಗಿದೆ, ಮುಂದೆ ಮಿಷನ್ನಿದೆ ಎಂಬ ಹಾಗೆ, ದಪ್ಪ ಪರದೆ ಹೊಲಿಯುತ್ತಿದ್ದೇನೆ ಎಂಬ ಹಾಗೆ. ಮುದುಕಿಗೆ ಹುಚ್ಚು ಹಿಡಿಯಿತು ಅಂದುಕೊಂಡಿರಬೇಕು ಜನ. ಅವನು ಹಾರಿದ, ತಡವರಿಸಿದ, ಕೊನೆಗೆ ನನ್ನ ಹಿಂದೆ ಬಂದ. ಭಾವನಿಗೆ ಸಾಲು ಸಾಲಿನ ನಡುವೆ ಉಸಿರೆಳೆಯಲು ಜಾಗ ಸಿಕ್ಕಿತು. ಅವರು ಥಟ್ಟನೆ ತಿರುಗಿ ಭಾವಮೈದುನನ ಮುಖ ನೋಡಿದರು. ಬೂಟನ್ನಲ್ಲ, ಮುಖವನ್ನು.

ಕೊನೆಯ ನುಡಿಗೆ ಹತ್ತಿರವಾಗಿದ್ದರು. ಆಗ ಬಂತು ಕೆಮ್ಮು. ಸಾಮಾನ್ಯದ ಕೆಮ್ಮಲ್ಲ. ಹುಡುಗಿ ಎಲ್ಲ ಬಿಟ್ಟು ಓಡಿಬಂದಳು, ಇಬ್ಬರು ಹಿಡಿದುಕೊಂಡು ಭಾವನನ್ನು ಕಾರಿಗೆ ಹತ್ತಿಸಿದರು. ಹಾಲ್ ಖಾಲಿಯಾಯಿತು. ಅವಸರಪ್ಪ ಏಳಲಿಲ್ಲ. ಬಾರಿಸುತ್ತಲೇ ಇದ್ದ, ಮೆಲ್ಲಗೆ.

"ಸಾಕು ಬಾಪ್ಪ," ಎಂದೆ.

"ಹಾಡು ನಿಂತಿಲ್ಲ ಅಕ್ಕ. ಭಾವ ಉಸಿರು ತಗೊಳ್ತಿದಾರೆ."

ಆಮೇಲಿನ ದಿನಗಳಲ್ಲಿ ಆ ಮನುಷ್ಯನನ್ನು ನೋಡಲಾಗುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ನನ್ನ ಮೇಜಿನ ಮೇಲೆ, ಉಣ್ಣುವಾಗ ಎಡಗೈಯಲ್ಲಿ ತೊಡೆಯ ಮೇಲೆ, ತಾಳ ಬಿಡಲೇ ಇಲ್ಲ. ಬಿಟ್ಟರೆ ಹಾಡು ನಿಂತ ಹಾಗೆ, ದೋಣಿ ಮುಳುಗಿದ ಹಾಗೆ. ಬೆರಳ ತುದಿ ಕೆಂಪಾಗಿತ್ತು. ಬೈದೆ, ಬಟ್ಟೆ ಸುತ್ತಿದೆ. ಬಟ್ಟೆಯೊಳಗೂ ಬೆರಳು ಆಡುತ್ತಿತ್ತು.

ಭಾವನನ್ನು ಮನೆಗೆ ಕಳಿಸಿದರು ಎಂಬ ಸುದ್ದಿ ಬಂದ ಬೆಳಿಗ್ಗೆ ಅವನು ಡೋಲು ಹೆಗಲಿಗೆ ಹಾಕಿಕೊಂಡು ಹೊರಟ.

ಆ ದಿನ ಏನಾಯಿತು ಅಂತ ನನಗೆ ಹೇಳಿದ್ದು ಭಾವನೇ, ಚಳಿ ಕಳೆದ ಮೇಲೆ, ಅವಸರಪ್ಪನ ಬಿಗಿ ಕೋಟನ್ನು ಮಡಿಸಿ ಹಿಡಿದುಕೊಂಡು ಅಂಗಡಿಗೆ ಬಂದಾಗ. ಕೊನೆಯ ನುಡಿಯನ್ನು ಹಾಸಿಗೆಯಲ್ಲಿ ಒರಗಿಯೇ ಹೇಳಿದರಂತೆ, ಹೆಚ್ಚುಕಡಿಮೆ ಪಿಸುಮಾತಿನಲ್ಲಿ. ತಾಳ ಎಲ್ಲೂ ಮುಂದೆ ಓಡಲಿಲ್ಲವಂತೆ. ಮುಗಿದ ಮೇಲೆ ಅವಸರಪ್ಪ ಸಂಜೆಯವರೆಗೂ ಅಲ್ಲೇ ಕೂತಿದ್ದನಂತೆ, ಕೈ ಮಡಿಲಲ್ಲಿಟ್ಟುಕೊಂಡು. "ಅವನು ಕೈಕಾಲು ಆಡಿಸದೆ ಕೂತಿದ್ದನ್ನ ನಾನು ಕಂಡಿದ್ದೇ ಅವತ್ತು ತಾಯಿ," ಎಂದರು. ಮನೆಗೆ ಹಿಂದಿರುಗುವ ದಾರಿಯಲ್ಲಿ ಬಸ್ಸಿನ ಸೀಟಿನಲ್ಲೇ ಅವನ ಪ್ರಾಣ ಹೋಯಿತು. ಹೋಗುವುದರಲ್ಲೂ ಭಾವನಿಗಿಂತ ಮುಂದೆ.

ಸಿನಿಮಾ ಬಂತು. ಜನ ನಕ್ಕರು, ಗುಂಡಿ ಹಾರಿದಾಗ ನಾನೂ ನಕ್ಕೆ. ಆದರೆ ಈಗಲೂ ದಪ್ಪ ಬಟ್ಟೆ ಕೈಗೆ ಬಂದರೆ ನನ್ನ ಕಣ್ಣು ಬೀದಿಯ ತಿರುವಿಗೆ ಹೋಗುತ್ತದೆ. ಡೋಲು ಹೆಗಲಿಗೆ ಹಾಕಿಕೊಂಡು ಹೊರಟ ಆ ಬೆಳಿಗ್ಗೆ ಅವನು ಅಂಗಡಿಯ ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಹಿಂದೆ ಬಂದು ಬಾಗಿಲಲ್ಲಿ ತಲೆ ಹಾಕಿದ್ದ.

"ಅಕ್ಕ, ಒಂದು ಕೆಲಸ ಮಾಡ್ತೀರಾ? ಆ ತಿರುವು ದಾಟೋವರೆಗೂ ಮಿಷನ್ ನಿಲ್ಲಿಸಬೇಡಿ. ಬಟ್ಟೆ ಇಲ್ಲದೇ ಇದ್ರೂ ಸರಿ, ನಿಧಾನವಾಗಿ ತುಳೀತಿರಿ. ಆ ಸದ್ದಿನ ಹಿಂದೇನೇ ನಡ್ಕೊಂಡು ಹೋಗ್ತೀನಿ."